ಕುಂಸಿಯ ತಿರುವು

ಆನಂದಪುರವನ್ನು ದಾಟಿ, ಮ್ಯಾಂಗನೀಸ್ ಅದಿರಿಗೆ ಹೆಸರಾದ ಕುಂಸಿಯನ್ನು ಸೇರಿದೆವು. ಅಲ್ಲಿಯ ತಿರುವಿನಲ್ಲಿ, ನಾಲ್ಕು ಚಕ್ರಗಳಿಗೂ ಎಳೆಯುವ ಶಕ್ತಿಯುಳ್ಳ ಅಳಿಯಂದಿರ ಕಾರು ಜ್ವರ ಬಂದಂತೆ ನಡುಗಿತು. ಸಾಲದ ಕಂತುಗಳಿನ್ನೂ ತೀರಿರಲಿಲ್ಲ. “ಮಾರಿಬಿಡುವುದೇ ಲೇಸು, ಮಾವ” ಎಂದರು.

ಶಿವಮೊಗ್ಗೆಯ ಮೆಕ್ಯಾನಿಕ್ಕನು ಟೈರುಗಳ ಸವೆತವು ಸಮವೆಂದು ಮೊದಲು ನೋಡಿಕೊಂಡನು. ಬಳಿಕ ಹೇಳಿದನು: “ಹಿಂದುಮುಂದಿನ ಚಕ್ರಗಳಿಗೆ ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ಎಣ್ಣೆಯೊಳಗೆ ಕ್ಲಚ್ ಬಿಲ್ಲೆಗಳಿವೆ, ಸ್ವಾಮಿ. ಎಣ್ಣೆ ಕೆಟ್ಟರೆ ಅವು ನಯವಾಗಿ ಜಾರದೆ, ಹಿಡಿದು ಬಿಟ್ಟು ನಡುಗಿಸುತ್ತವೆ. ಬಿಲ್ಲೆಗಳೇ ಸವೆದಿದ್ದರೆ ಎಣ್ಣೆಯಿಂದ ಫಲವಿಲ್ಲ.” ತಯಾರಕರು ವಿಧಿಸಿದ ಎಣ್ಣೆಯನ್ನೇ ತುಂಬಿದನು.

ಮರಳುವಾಗ ಅದೇ ತಿರುವಿನಲ್ಲಿ ನಡುಕವಿರಲಿಲ್ಲ. ಸಂಸ್ಕೃತದಲ್ಲಿ ‘ಸ್ನೇಹ’ವೆಂದರೆ ಎಣ್ಣೆಯೂ ಹೌದು, ಒಲವೂ ಹೌದು. ಕೆಟ್ಟಿದ್ದುದು ಸ್ನೇಹವೊಂದೇ, ನಾವು ಕಳೆಯಹೊರಟಿದ್ದುದು ಕಾರನ್ನೇ!