ಚಿತ್ರಗಾರನ ಹರಾಜಾದ ಮನೆ

ಪರದೇಶಕ್ಕೆ ಹೋಗಿಬಂದವರು ಅಲ್ಲಿಯ ಅರಮನೆಗಳನ್ನೂ ಉದ್ಯಾನಗಳನ್ನೂ ವರ್ಣಿಸುವುದು ವಾಡಿಕೆಯಷ್ಟೆ. ನಾನು ಹೇಳಹೊರಟಿರುವುದು ಒಬ್ಬ ದಿವಾಳಿಗಾರನ ಮನೆಯ ವಿಷಯ. ಕಳೆದ ವರ್ಷ ಆಶ್ವಯುಜ ಮಾಸದಲ್ಲಿ ನಾನೂ ನನ್ನ ಪತ್ನಿಯೂ ಮಗಳ ಮನೆಯಲ್ಲಿ ಒಂದು ತಿಂಗಳಿದ್ದು ಬರೋಣವೆಂದು ಹಾಲೆಂಡ್ ದೇಶಕ್ಕೆ ಹೋಗಿದ್ದೆವು. ಮಗಳೂ ಅಳಿಯನೂ ಆಮ್‌ಸ್ಟರ್‌ಡಾಮ್ ಪಟ್ಟಣಕ್ಕೆ ಅಂಟಿದಂತಿರುವ ಆಮ್‌ಸ್ಟೆಲ್ವೇನ್ ಎಂಬ ಊರಿನಲ್ಲಿದ್ದಾರೆ. ಅಲ್ಲಿ ನಮ್ಮ ದೇಶದವರು ಬಹಳ ಮಂದಿ. ಬೆಳಗ್ಗೆ ತಿರುಗಾಡಲು ಹೊರಟರೆ ಮೈಸೂರಿನ ಕಡೆಯ ಕನ್ನಡವೂ ಒಮ್ಮೊಮ್ಮೆ ಕಿವಿಗೆ ಬೀಳುವುದುಂಟು. ಮಳೆ ಮಾತ್ರ ನಮ್ಮದಲ್ಲ. ನೆತ್ತಿಯ ಮೇಲೆ ಬೀಳದೆ ಪಕ್ಕದಿಂದ ಬಂದು ಕೆನ್ನೆಗೆ ಹೊಡೆಯುತ್ತದೆ. ಅಲ್ಲಿ ಕೊಡೆಯೆಂಬುದು ಅಲಂಕಾರಕ್ಕೆ ಹಿಡಿಯತಕ್ಕ ವಸ್ತು.

ಅಂಥ ಒಂದು ಮಳೆಯ ದಿನ ಮಗಳು, “ಅಪ್ಪ, ಇವತ್ತು ರೆಂಬ್ರಾಂಟನ ಮನೆಗೆ ಹೋಗೋಣ. ಮಾಡಿನ ಕೆಳಗಾದರೂ ಇರಬಹುದು” ಎಂದಳು. ಚಿತ್ರಕಲೆಯಲ್ಲಿ ನನಗೆ ಪರಿಶ್ರಮವಿಲ್ಲ, ಆದರೂ ಹೊರಟೆನು.

ಮನೆ ಯೋಡೆನ್‌ಬ್ರೇಸ್ಟ್ರಾಟ್ ಎಂಬ ಬೀದಿಯಲ್ಲಿದೆ. ಕೆಂಪು ಹಸಿರು ಬಾಗಿಲುಗಳುಳ್ಳ ಎತ್ತರವಾದ ಕಿಟಕಿಗಳು. ಒಳಗೆ ಕಡಿದಾದ ಇಕ್ಕಟ್ಟಾದ ಮೆಟ್ಟಿಲುಗಳು. ೧೬೩೯ನೆಯ ಇಸವಿಯಲ್ಲಿ, ತನಗೆ ಮೂವತ್ತೆರಡು ಮೂವತ್ತಮೂರು ವಯಸ್ಸಾಗಿದ್ದಾಗ, ರೆಂಬ್ರಾಂಟನು ಇದನ್ನು ೧೩,೦೦೦ ಗಿಲ್ಡರುಗಳಿಗೆ ಕೊಂಡನು. ಒಬ್ಬ ನುರಿತ ಕೆಲಸಗಾರನ ಆಗಿನ ಒಂದು ವರ್ಷದ ಸಂಪಾದನೆ ಮುನ್ನೂರು ಗಿಲ್ಡರುಗಳ ಆಸುಪಾಸೆಂದು ತಿಳಿದರೆ ಈ ಬೆಲೆಯ ತೂಕ ಮನಸ್ಸಿಗೆ ಬರುತ್ತದೆ. ಕಾಲುಭಾಗವನ್ನು ಮೊದಲ ವರ್ಷದಲ್ಲಿ, ಉಳಿದುದನ್ನು ಐದಾರು ವರ್ಷಗಳಲ್ಲಿ ಕೊಡತಕ್ಕದ್ದೆಂದು ಕರಾರು. ಕೀರ್ತಿ ಇತ್ತು, ಶಿಷ್ಯರಿದ್ದರು, ಪತ್ನಿ ಸಾಸ್ಕಿಯಾ ಸಿರಿವಂತರ ಮನೆಯ ಮಗಳು. ಹಣವೇನೋ ಬಂದಿತು, ಮನೆಯ ಸಾಲಕ್ಕೆ ಮಾತ್ರ ಹೋಗಲಿಲ್ಲ. ಹರಾಜು ಎಂದ ಕಡೆ ಹೋಗಿ ಕೂಗುವುದು ಅವನ ಚಟವಾಗಿತ್ತು. ಇಟಲಿಯ ಚಿತ್ರಗಳು, ರೋಮಿನ ಚಕ್ರವರ್ತಿಗಳ ತಲೆಗಳು, ಶಿರಸ್ತ್ರಾಣಗಳು, ಕವಡೆ ಹವಳಗಳು, ಸಿಂಹದ ಚರ್ಮ: ಕಂಡುದೆಲ್ಲವೂ ಬೇಕು. ೧೬೪೨ರಲ್ಲಿ ಸಾಸ್ಕಿಯಾ ತೀರಿಕೊಂಡಳು. ಟೀಟಸ್ ಎಂಬ ಕೂಸು ಉಳಿಯಿತು. ಹನ್ನೊಂದು ವರ್ಷಗಳ ತರುವಾಯ, ೧೬೫೩ರಲ್ಲಿ, ಮನೆ ಮಾರಿದವನು ಬಡ್ಡಿ ತೆರಿಗೆಗಳೂ ಸೇರಿ ಎಂಟು ಸಾವಿರಕ್ಕೂ ಮೇಲ್ಪಟ್ಟ ಬಾಕಿಯನ್ನು ಕೇಳಿದಾಗ ರೆಂಬ್ರಾಂಟನು ಮೂವರಲ್ಲಿ ಹೊಸ ಸಾಲ ಮಾಡಿದನು. ಅವರಲ್ಲಿ ವಿಟ್ಸೆನ್ ಎಂಬ ಪುರಪ್ರಮುಖನು ಕೊಟ್ಟದ್ದು ೪,೧೮೦ ಗಿಲ್ಡರುಗಳು.

ಈ ಕಥೆಯ ಕೊನೆಯನ್ನು ಗೋಡೆಯ ಮೇಲಿನ ಬರಹಗಳು ಬೇಗನೆ ಹೇಳಿಬಿಡುತ್ತವೆ. ೧೬೫೬ನೆಯ ಜುಲೈ ತಿಂಗಳಲ್ಲಿ ಅವನು ‘ಸೆಸ್ಸಿಯೊ ಬೊನೋರುಮ್’ ಕೋರಿ ಅರ್ಜಿ ಹಾಕಿಕೊಂಡನು. ಇದು ರೋಮನರ ನ್ಯಾಯಶಾಸ್ತ್ರದಿಂದ ಬಂದ ಕ್ರಮ, ಸರ್ವಸ್ವಸಮರ್ಪಣವೆಂದು ಹೇಳಬಹುದು. ಸಾಲಗಾರನು ಇದ್ದುದೆಲ್ಲವನ್ನೂ ಒಪ್ಪಿಸಿಬಿಟ್ಟರೆ ಸೆರೆವಾಸ ತಪ್ಪುತ್ತಿತ್ತು. ವ್ಯಾಪಾರದ ನಷ್ಟ, ಸಮುದ್ರದಲ್ಲಾದ ಹಾನಿ ಎಂಬ ಕಾರಣಗಳನ್ನು ಅವನು ಅರ್ಜಿಯಲ್ಲಿ ಕೊಟ್ಟನು; ಹರಾಜಿನ ಚಟವನ್ನು ಬರೆಯಲಿಲ್ಲ. ಅದೇ ತಿಂಗಳ ೨೫, ೨೬ನೆಯ ತಾರೀಖುಗಳಲ್ಲಿ ದಿವಾಳಿ ಕಚೇರಿಯ ಕಾರ್ಯದರ್ಶಿ ಬಂದು ಕೋಣೆಯಿಂದ ಕೋಣೆಗೆ ನಡೆದು ಕಂಡುದನ್ನು ಬರೆದುಕೊಂಡನು. ೩೬೩ ಬಾಬುಗಳು.

ಇಂದು ಆ ಮನೆಯಲ್ಲಿ ನಾವು ಕಾಣುವುದು ಆ ಪಟ್ಟಿಯನ್ನೇ. ಸಾಮಾನುಗಳೆಲ್ಲ ಚದರಿಹೋದವು. ೧೯೧೧ರಲ್ಲಿ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಮಾಡಿದರು. ೧೯೯೦ರ ದಶಕದ ಕೊನೆಯಲ್ಲಿ ಒಳಭಾಗವನ್ನು ಹಿಂದಿದ್ದಂತೆ ಕಟ್ಟಬೇಕೆಂದಾಗ, ಯಾವ ಕೋಣೆಯಲ್ಲಿ ಏನಿತ್ತೆಂದು ಹೇಳಲು ಸಿಕ್ಕಿದ ಸಾಕ್ಷಿ ಆ ಕಚೇರಿಯವನ ಯಾದಿ. ಸುಖವಾಗಿ ಬಾಳಿ ಸತ್ತ ಅಕ್ಕಪಕ್ಕದ ಶ್ರೀಮಂತರ ಮನೆಯೊಳಗೆ ಯಾವ ಕುರ್ಚಿ ಎಲ್ಲಿತ್ತೆಂಬುದನ್ನು ಯಾರು ಬರೆದಿಟ್ಟರು? ಪಟ್ಟಿಯ ಕಡೆಯಲ್ಲಿ ಅಗಸರಲ್ಲಿಗೆ ಹೋಗಿದ್ದ ಬಟ್ಟೆಗಳೂ ಇವೆ: ಮೂರು ಅಂಗಿ, ಆರು ಕರವಸ್ತ್ರ, ಹನ್ನೆರಡು ಕೈವಸ್ತ್ರ, ಮೂರು ಮೇಜಿನ ಹಾಸು. ಮಗಳು ಇದನ್ನು ಓದಿ ಹೇಳಿದಾಗ ನನಗೆ ಸಿಂಹದ ಚರ್ಮವೂ ರೋಮಿನ ಚಕ್ರವರ್ತಿಗಳೂ ಮರೆತುಹೋದವು. ಅಗಸನ ಮನೆಯಿಂದ ಇನ್ನೂ ಬಾರದ ಅಂಗಿಯೂ ತನ್ನದಲ್ಲವೆಂದು ತಿಳಿದ ಮನುಷ್ಯನು ಆ ರಾತ್ರಿ ಏನು ಉಟ್ಟು ಮಲಗಿದನೋ!

ನಮ್ಮ ದೇಶದ ನೆನಪಿಗೂ ಅಲ್ಲಿ ಸ್ಥಳವುಂಟು. ದಿವಾಳಿಯ ಗಲಾಟೆ ನಡೆದ ಆ ವರ್ಷಗಳ ಸುಮಾರಿನಲ್ಲಿಯೇ ರೆಂಬ್ರಾಂಟನು ನಮ್ಮ ಮೊಗಲರ ಚಿಕ್ಕ ಚಿತ್ರಗಳನ್ನು ನೋಡಿ, ಏಷ್ಯದಿಂದ ಬಂದ ನಯವಾದ ಕಾಗದದ ಮೇಲೆ, ಇಪ್ಪತ್ತಕ್ಕೂ ಹೆಚ್ಚು ಪ್ರತಿಗಳನ್ನು ಬರೆದನು. ಜಹಾಂಗೀರನೂ ಷಾಜಹಾನನೂ ಅವನ ಲೇಖನಿಯಲ್ಲಿ ಸಿಕ್ಕಿದ್ದಾರೆ.

ಮಳೆ ನಿಂತಮೇಲೆ ಕಾಲ್ವರ್ಸ್ಟ್ರಾಟ್ ಎಂಬ ಪೇಟೆ ಬೀದಿಗೆ ಬಂದೆವು. ಈಗ ಅಲ್ಲಿ ಉಡುಪಿನ ಅಂಗಡಿಗಳೂ ಜೋಡಿನ ಅಂಗಡಿಗಳೂ ಸಾಲಾಗಿವೆ. ಹಿಂದೆ ಅಲ್ಲಿ ‘ಚಕ್ರವರ್ತಿಯ ಕಿರೀಟ’ ಎಂಬರ್ಥದ ಕೈಜರ್ಸ್‌ಕ್ರೋನ್ ಎಂಬ ಛತ್ರವಿತ್ತು. ಕಚೇರಿಯವರು ರೆಂಬ್ರಾಂಟನ ಸಾಮಾನುಗಳನ್ನು ಹರಾಜು ಮಾಡಿಸಿದ್ದು ಅಲ್ಲಿಯೇ. ಆದರೆ ಅದಕ್ಕೂ ಮುಂಚೆ, ಅರ್ಜಿ ಕೊಡುವುದಕ್ಕೆ ಏಳು ತಿಂಗಳು ಹಿಂದೆ, ೧೬೫೫ನೆಯ ಡಿಸೆಂಬರಿನಲ್ಲಿ ಅವನು ತಾನಾಗಿಯೇ ಅದೇ ಛತ್ರದಲ್ಲಿ ಕೋಣೆ ಹಿಡಿದು ಸುಮಾರು ಮೂರು ವಾರ ತನ್ನ ವಸ್ತುಗಳನ್ನು ಮಾರಿದ್ದನು. ಬಂದ ಹಣ ಅವನನ್ನು ಉಳಿಸುವಷ್ಟಾಗಲಿಲ್ಲ. ೧೬೫೬ನೆಯ ಮೇ ತಿಂಗಳಲ್ಲಿ, ಅರ್ಜಿಗೆ ಎರಡು ತಿಂಗಳು ಮುಂಚೆ, ಮನೆಯ ಮೇಲಿನ ತನ್ನ ಹಕ್ಕನ್ನು ಹದಿನಾಲ್ಕು ವರ್ಷದ ಟೀಟಸನ ಹೆಸರಿಗೆ ಬರೆದುಕೊಟ್ಟನು.

ಅಳಿಯ ಲೆಕ್ಕಪತ್ರಗಳ ಕೆಲಸದವನು. “ಇದು ಮೋಸವಲ್ಲವೇ, ಮಾವ?” ಎಂದು ಕೇಳಿದ. ನಾನು ಒಡನೆಯೇ ಉತ್ತರ ಹೇಳದೆ ಕಾಫಿ ಕುಡಿಯೋಣವೆಂದೆನು. ಆ ಪ್ರಶ್ನೆ ಐವತ್ತು ವರ್ಷಗಳಿಂದ ನನ್ನ ಬೆನ್ನು ಹತ್ತಿರುವುದು ಅವನಿಗೆ ತಿಳಿದಿರಲಿಲ್ಲ.

ನನ್ನ ತಂದೆಯವರಿಗೆ ಹಾಸನದ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ಜವಳಿ ಅಂಗಡಿ ಇತ್ತು. ೧೯೭೨ರಲ್ಲಿ ಮಳೆ ಕೈಕೊಟ್ಟು, ಉದ್ರಿಯಲ್ಲಿ ಬಟ್ಟೆ ಒಯ್ದ ರೈತರು ಕೊಡಲಾರದೆ ಹೋದರು. ತಂದೆಯವರು ಸಗಟು ವ್ಯಾಪಾರಿಗಳಿಗೆ ಕೊಡಲಾರದೆ ಹೋದರು. ಮುಂದಿನ ಬೇಸಗೆಯಲ್ಲಿ ಕೋರ್ಟಿಗೆ ಅರ್ಜಿ ಕೊಡುವುದೆಂದು ನಿಶ್ಚಯವಾಯಿತು. ಅದಕ್ಕೆ ಮೊದಲು ಮನೆಯ ಸಾಮಾನುಗಳು ಒಂದೊಂದಾಗಿ ಜಗಲಿಗೆ ಬಂದವು. ಗೋಡೆಯ ಗಡಿಯಾರ, ತೂಗುಮಂಚ, ಬೈಸಿಕಲ್ಲು, ಕೊಪ್ಪರಿಗೆ, ಕೊಳದಪ್ಪಲೆಗಳು. ಪಾತ್ರೆಯವನು ತಕ್ಕಡಿ ತಂದಿದ್ದ. ತಾಮ್ರದ ಹಂಡೆಯ ಕಂಠದಲ್ಲಿ ನಮ್ಮ ಅಜ್ಜಿಯ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸಿತ್ತು. “ಹೆಸರಿಗೆ ಬೆಲೆಯಿಲ್ಲ ಸ್ವಾಮಿ, ಹಳೇ ತಾಮ್ರದ ಲೆಕ್ಕ” ಎಂದನು. ಅವನಲ್ಲಿ ತಪ್ಪಿಲ್ಲ. ಅವಸರದಲ್ಲಿ ಮಾರುವವನ ಮುಖವನ್ನು ನೋಡಿಯೇ ಕೊಳ್ಳುವವನು ಬೆಲೆ ಕಟ್ಟುವುದು. ಆಮ್‌ಸ್ಟರ್‌ಡಾಮಿನಲ್ಲಿಯೂ ಹಾಗೆಯೇ ನಡೆಯಿತು. ೧೩,೦೦೦ಕ್ಕೆ ಕೊಂಡ ಮನೆ ೧೬೫೮ರ ಹರಾಜಿನಲ್ಲಿ ೧೧,೨೧೮ ಗಿಲ್ಡರುಗಳಿಗೆ ಹೋಯಿತು. ಚಿತ್ರಗಳ ರಾಶಿ ನಿರೀಕ್ಷಿಸಿದುದಕ್ಕಿಂತ ಬಹಳ ಕಡಮೆಗೆ.

ತಂದೆಯವರು ಬಂದ ಹಣವನ್ನು ಕಿಸೆಯಲ್ಲಿಡಲಿಲ್ಲ. ನಂಬಿ ಸೀರೆ ಕೊಟ್ಟಿದ್ದ ಇಬ್ಬರು ನೇಕಾರರಿಗೆ, ಹಾಲಿನವಳಿಗೆ, ದರ್ಜಿಗೆ ಅದೇ ವಾರದಲ್ಲಿ ಸಲ್ಲಿಸಿಬಿಟ್ಟರು. ಒಂದು ರಾತ್ರಿ ಮಾತ್ರ ನಮ್ಮ ತಾಯಿ ಹಿತ್ತಾಳೆಯ ಕಾಲುದೀಪವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಯಲ್ಲಿ ಕೊಟ್ಟು, ಹಿಂದಿನ ಬೀದಿಯ ಸೋದರತ್ತೆಯ ಮನೆಗೆ ಮುಟ್ಟಿಸಿ ಬಾ ಎಂದರು. ನನಗಾಗ ಒಂಬತ್ತು ವರ್ಷ. ಯಾರಿಗೂ ಹೇಳಬೇಡವೆಂದದ್ದರಿಂದಲೇ ಹೆದರಿಕೆಯಾಗಿ, ಕಲ್ಲು ಎಡವಿ ಬಿದ್ದೆನು. ದೀಪದ ಬುಡ ನೆಗ್ಗಿತು. ತಂದೆಯವರಿಗೆ ಇದು ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಮಾರನೆಯ ದಿನ ಡಾಮ್ ಚೌಕದ ಅರಮನೆಗೆ ಹೋದೆವು. ಅದು ಮೊದಲು ಪುರಭವನವಾಗಿ ಕಟ್ಟಿದ್ದು. ೧೬೫೫ರಲ್ಲಿ ಬಳಕೆಗೆ ಬಂದಿತು. ದಿವಾಳಿ ಕಚೇರಿಯ ಬಾಗಿಲಿನ ಮೇಲೆ ಅಮೃತಶಿಲೆಯ ಕೆತ್ತನೆ ಇದೆ: ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನೆಡೆಗೆ ಹಾರಿದ ಇಕಾರಸ್ ಎಂಬ ಯವನ ಕುಮಾರನು ತಲೆಕೆಳಗಾಗಿ ಬೀಳುತ್ತಿದ್ದಾನೆ. ಅಲ್ಲಿಯ ತೋರಣದಲ್ಲಿ ಹೂವಿಲ್ಲ. ಬರಿದಾದ ಹಣದ ಪೆಟ್ಟಿಗೆಗಳು, ತೀರಿಸದ ಲೆಕ್ಕದ ಚೀಟಿಗಳು, ಇಲಿಗಳು. ಬಿದ್ದವನು ತಲೆಯೆತ್ತಿದರೆ ಕಾಣಲೆಂದು ಅದನ್ನು ಇಟ್ಟಿರುವುದು ನನಗೆ ಹಿಡಿಸಲಿಲ್ಲ. ನಾನು ಮೇಷ್ಟರಾಗಿದ್ದವನು, ನಪಾಸಾದ ಹುಡುಗನೆದುರಿಗೆ ಇಕಾರಸನ ಚಿತ್ರ ತೂಗುಹಾಕುವವನಲ್ಲ.

ಅಲ್ಲಿ ಅಳಿಯನಿಗೆ ನನಗೆ ತಿಳಿದಷ್ಟು ಹೇಳಿದೆನು. ನಮ್ಮ ದೇಶದ ೧೯೨೦ರ ಪ್ರಾಂತೀಯ ದಿವಾಳಿ ಕಾಯಿದೆಯ ಪ್ರಕಾರ, ಅರ್ಜಿಗೆ ಮುಂಚಿನ ಎರಡು ವರ್ಷಗಳೊಳಗೆ ಬೆಲೆ ಪಡೆಯದೆ ಬರೆದುಕೊಟ್ಟ ಆಸ್ತಿಯ ಪತ್ರವನ್ನು ರದ್ದುಮಾಡಿಸಬಹುದು. ಮೂರು ತಿಂಗಳೊಳಗೆ ಒಬ್ಬ ಸಾಲಿಗನಿಗೆ ಒಲವು ತೋರಿ ಮೊದಲು ಸಲ್ಲಿಸಿದುದನ್ನೂ ಪ್ರಶ್ನಿಸಬಹುದು. ನ್ಯಾಯಬೆಲೆಗೆ ಬಹಿರಂಗವಾಗಿ ಮಾರಿದುದರಲ್ಲಿ ದೋಷವಿಲ್ಲ. ಆದರೆ ತಂದೆಯವರು ನೇಕಾರರಿಗೆ ಕೊಟ್ಟದ್ದು ಕಾಯಿದೆಯ ಕಣ್ಣಿಗೆ ತಪ್ಪಾಗಿ ತೋರಬಹುದಾಗಿತ್ತು. ಇನ್ನೊಂದನ್ನು ಅವರಿಗೆ ಯಾರೂ ಹೇಳಲಿಲ್ಲ: ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೬೦ನೆಯ ಪ್ರಕರಣವು ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತ್ಯಾರು, ಧರ್ಮಾಚಾರದಂತೆ ಹೆಂಗಸು ತೆಗೆಯಬಾರದ ಒಡವೆ, ಇವುಗಳನ್ನು ಜಪ್ತಿಯಿಂದ ಕಾಯುತ್ತದೆ. ಕೊಳದಪ್ಪಲೆಗಳು ಜಗಲಿಗೆ ಬರಬೇಕಾಗಿರಲಿಲ್ಲ. ಕಾಲುದೀಪದ ಮಾತು ಆ ಪ್ರಕರಣದಲ್ಲಿಲ್ಲ. ನಾನು ಎರಡು ಸಾರಿ ಓದಿದ್ದೇನೆ.

ರೆಂಬ್ರಾಂಟನ ವಿಷಯದಲ್ಲಿ ನನ್ನ ಅಭಿಪ್ರಾಯವಿಷ್ಟು: ಛತ್ರದಲ್ಲಿ ಮಾರಿದುದು ಅವನ ಹಕ್ಕು. ಮಗನಿಗೆ ಮನೆ ಬರೆದುದರಲ್ಲಿ ಅರ್ಧ ಯುಕ್ತಿ, ಅರ್ಧ ನ್ಯಾಯ. ಏಕೆಂದರೆ ಸಾಸ್ಕಿಯಾ ತನ್ನ ಪಾಲನ್ನು ಮಗುವಿಗೆ ಬಿಟ್ಟಿದ್ದಳು, ತಂದೆ ಅದನ್ನು ಕರಗಿಸಿದ್ದನು. ಮುಂದೆ ಪ್ರಭಾವಶಾಲಿಯಾದ ವಿಟ್ಸೆನನಿಗೆ ೧೬೫೮ರಲ್ಲಿ, ಅವನು ನಗರಾಧ್ಯಕ್ಷನಾಗಿದ್ದ ವರ್ಷದಲ್ಲಿಯೇ, ಪೂರ್ತಿ ಹಣ ಸಂದಿತು. ಟೀಟಸನ ಪಾಲು ವ್ಯಾಜ್ಯವಾಡಿ ಕೈಗೆ ಬಂದದ್ದು ೧೬೬೫ರಲ್ಲಿ. ನಮ್ಮ ಧರ್ಮಶಾಸ್ತ್ರಕಾರರು ಕುಡಿತ ಜೂಜುಗಳದ್ದಲ್ಲದ ತಂದೆಯ ಸಾಲವನ್ನು ತೀರಿಸುವುದು ಮಗನ ಕರ್ತವ್ಯವೆಂದರು. ಟೀಟಸನು ಶಾಸ್ತ್ರ ಓದದೆಯೇ ಹಾಗೆ ನಡೆದನು. ೧೬೬೦ರಲ್ಲಿ, ಮನೆಯೊಡತಿಯಂತಿದ್ದ ಹೆಂಡ್ರಿಕ್ಯೆ ಎಂಬಾಕೆಯೊಡನೆ ಕೂಡಿ ಚಿತ್ರವ್ಯಾಪಾರದ ಸಂಸ್ಥೆ ಮಾಡಿ, ತಂದೆಯನ್ನು ಅನ್ನ ವಸತಿಯ ಮೇಲೆ ಅದರ ನೌಕರನನ್ನಾಗಿ ಇಟ್ಟುಕೊಂಡನು. ಬರೆದ ಹೊಸ ಚಿತ್ರವನ್ನು ಸಾಲಿಗರು ಒಯ್ಯುವಂತಿರಲಿಲ್ಲ. ನಮ್ಮ ತಂದೆಯವರು ಇನ್ನೊಬ್ಬರ ಜವಳಿ ಅಂಗಡಿಯಲ್ಲಿ ಕೊನೆಯವರೆಗೆ ಗುಮಾಸ್ತರಾಗಿದ್ದರು.

ಹೊರಡುವುದಕ್ಕೆ ಎರಡು ದಿನ ಮುಂಚೆ ರೈಕ್ಸ್ ವಸ್ತುಸಂಗ್ರಹಾಲಯದಲ್ಲಿ ೧೬೬೨ರ ಒಂದು ಚಿತ್ರವನ್ನು ಕಂಡೆನು. ಬಟ್ಟೆಯ ಗುಣವನ್ನು ಪರೀಕ್ಷಿಸುವ ಅಧಿಕಾರಿಗಳು ಮೇಜಿನ ಸುತ್ತ ಕುಳಿತು, ಯಾರೋ ಬಾಗಿಲಲ್ಲಿ ಬಂದರೆಂಬಂತೆ ತಲೆಯೆತ್ತಿದ್ದಾರೆ. ಜವಳಿಯವನ ಮಗನಾದ ನನಗೆ ಆ ಕಣ್ಣುಗಳು ಪರಿಚಿತ. ಅದೇ ವರ್ಷ ರೆಂಬ್ರಾಂಟನು ಹಳೆಯ ಚರ್ಚಿನಲ್ಲಿದ್ದ ಸಾಸ್ಕಿಯಾಳ ಸಮಾಧಿಯ ಸ್ಥಳವನ್ನೂ ಮಾರಿದನು. ಆ ಚರ್ಚಿಗೂ ಹೋದೆವು. ನೆಲದ ಕಲ್ಲಿನ ಮೇಲೆ ಅವಳ ಹೆಸರಿದೆ. ನನ್ನ ಪತ್ನಿ ಬಹಳ ಹೊತ್ತು ಅಲ್ಲಿ ನಿಂತಿದ್ದಳು.

ಸಂಜೆ ಮನೆಗೆ ಬಂದು ಮಗಳು ದೇವರ ಮುಂದೆ ದೀಪ ಹಚ್ಚಿದಳು. ಮದುವೆಯಲ್ಲಿ ಅವಳ ಅಜ್ಜಿ ಕೊಟ್ಟು ಕಳುಹಿಸಿದ ಹಿತ್ತಾಳೆಯ ಕಾಲುದೀಪ. “ಇದರ ಬುಡ ಯಾವಾಗಿನಿಂದ ಹೀಗೆ ನೆಗ್ಗಿದೆ, ಅಪ್ಪ? ನೆಟ್ಟಗೆ ನಿಲ್ಲುವುದೇ ಇಲ್ಲ” ಎಂದು, ಅಡಿಗೆ ಮಡಿಸಿದ ಕಾಗದದ ಚೂರನ್ನು ಇಟ್ಟಳು. ಅಂದು ಮೊದಲ ಬಾರಿಗೆ ಅವಳಿಗೂ ಅಳಿಯನಿಗೂ ಎಲ್ಲವನ್ನೂ ಹೇಳಿದೆನು. ಅಳಿಯ ಏನೂ ಮಾತನಾಡದೆ ಎದ್ದು, ಕಾಗದವನ್ನು ತೆಗೆದು, ಒಂದು ತೆಳುವಾದ ಮರದ ಚಕ್ಕೆಯನ್ನು ಹುಡುಕಿ ತಂದು ದೀಪದ ಅಡಿಗೆ ಕೊಟ್ಟನು.