ಹರಕು ತಮಿಳಿನಲ್ಲಿ ಕೇಳಿಸಿಕೊಂಡದ್ದು

ಬ್ಯಾಂಕಿನವರಿಗೆ ವರ್ಗಾವಣೆ ಹೊಸದಲ್ಲ. ನನಗೆ ಚೆನ್ನೈಗೆ ಆರ್ಡರ್ ಬಂದಾಗ ವಯಸ್ಸು ಐವತ್ತರ ಹತ್ತಿರ. ಪ್ಯಾರೀಸ್ ಕಾರ್ನರ್ ಬಳಿಯ ಶಾಖೆ. ನನ್ನ ತಮಿಳು ಕೌಂಟರಿನಲ್ಲಿ ಲೆಕ್ಕ ಹೇಳುವುದಕ್ಕೆ ಸಾಕಾಗುತ್ತಿತ್ತು, ಅಷ್ಟೆ.

2012ರ ಫೆಬ್ರವರಿ 9ರಂದು, ಅಲ್ಲೇ ಆರ್ಮೇನಿಯನ್ ಸ್ಟ್ರೀಟಿನ ಶಾಲೆಯೊಂದರಲ್ಲಿ, ಒಂಬತ್ತನೇ ತರಗತಿಯ ಹುಡುಗ ತನ್ನ ಶಿಕ್ಷಕಿಯನ್ನು ತರಗತಿಯೊಳಗೇ ಇರಿದು ಕೊಂದ. ಶಿಕ್ಷಕಿ ಡೈರಿಯಲ್ಲಿ ಮನೆಗೆ ದೂರು ಬರೆದದ್ದೇ ಕಾರಣವೆಂದು ಪತ್ರಿಕೆಗಳಲ್ಲಿ ಬಂತು. ಶಿಸ್ತು, ಸಿನಿಮಾ, ಶಿಕ್ಷೆ ಅಂತ ಊರೆಲ್ಲ ಚರ್ಚೆ. ಅದೇ ಕಟ್ಟಡದಲ್ಲಿದ್ದ ನೂರಾರು ಮಕ್ಕಳ ಬಗ್ಗೆ ಮಾತಾಡಿದವರು ಕಡಿಮೆ.

ನಮ್ಮ ಪಕ್ಕದ ಮನೆಯ ಹುಡುಗ ಆ ಶಾಲೆಯಲ್ಲಿ ಓದುತ್ತಿದ್ದ. ಕಣ್ಣಾರೆ ಕಂಡದ್ದೇನಿಲ್ಲ, ಕೂಗಾಟ ಕೇಳಿದ್ದ. ಶಾಲೆ ಮತ್ತೆ ತೆರೆದ ಮೇಲೆ ದಿನಾ ಬೆಳಿಗ್ಗೆ ಹೊಟ್ಟೆನೋವು. "ನೀಂಗಳಾವದು ಸೊಲ್ಲುಂಗ ಸಾರ್" ಎಂದರು ಅವನ ತಾಯಿ. ಬುದ್ಧಿ ಹೇಳುವಷ್ಟು ತಮಿಳು ನನ್ನಲ್ಲೆಲ್ಲಿತ್ತು? ಸಂಜೆ ಕೇರಂ ಬೋರ್ಡ್ ಹಾಕಿಕೊಂಡು ಕೂತೆ. ಮೂರನೇ ದಿನ ಅವನೇ ಬಾಯಿಬಿಟ್ಟ: ಮಿಸ್ ಯಾರನ್ನಾದರೂ ಬೈದರೆ ಕೈ ನಡುಗುತ್ತದಂತೆ. ಅರ್ಧ ಮಾತಿನಿಂದ ತಿಳಿಯಿತು, ಇನ್ನರ್ಧ ಅವನ ಕೈ ನೋಡಿ.

ನಿವೃತ್ತನಾದ ಮೇಲೆ ಈ ವಿಷಯ ಒಂದಿಷ್ಟು ಓದಿದೆ. ಇಂಥ ಘಟನೆಯ ನಂತರ ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಹೊತ್ತಿಗೆ ಊಟ, ನಿದ್ದೆ, ಆಟ, ನಂಬಿಕೆಯ ಒಬ್ಬ ಹಿರಿಯರು ಇದ್ದರೆ ಅದು ಸುಲಭ. "ಏನಾಯ್ತು ಹೇಳು, ಹೇಳು" ಅಂತ ಕೆದಕಬಾರದು, ಹೇಳಿದಾಗ ಕೇಳಬೇಕು. ಟೀವಿಯಲ್ಲಿ ಅದನ್ನೇ ಮತ್ತೆ ಮತ್ತೆ ನೋಡಲು ಬಿಡಬಾರದು. ಹೊಟ್ಟೆನೋವನ್ನು ನೆಪ ಅನ್ನಬಾರದು, ಮಕ್ಕಳ ಭಯ ಎಷ್ಟೋ ಸಲ ಮೈಯಲ್ಲೇ ಕಾಣಿಸಿಕೊಳ್ಳುತ್ತದೆ. ತಿಂಗಳು ಕಳೆದರೂ ಕೆಟ್ಟ ಕನಸು, ಬೆಚ್ಚಿಬೀಳುವುದು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಲೇಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು. ಅದರ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಆ ಹುಡುಗ ಒಮ್ಮೆಗೇ ಸರಿಹೋಗಲಿಲ್ಲ. ಮೊದಲ ವಾರ ತಾಯಿ ಊಟದ ಬೆಲ್ಲಿನವರೆಗೆ ಗೇಟಿನ ಬಳಿ ಕೂತಿರುತ್ತಿದ್ದರು. ಕ್ಲಾಸ್ ಟೀಚರ್ ಅವನಿಗೆ ಬಾಗಿಲ ಪಕ್ಕದ ಬೆಂಚು ಕೊಟ್ಟರು. ಬೇಸಿಗೆ ರಜೆಯ ಹೊತ್ತಿಗೆ ಹೊಟ್ಟೆನೋವು ನಿಂತಿತು. ಸಹೋದ್ಯೋಗಿಯನ್ನು ಕಳೆದುಕೊಂಡು, ಮರುವಾರ ಅದೇ ಮಕ್ಕಳೆದುರು ನಿಂತ ಆ ಟೀಚರಮ್ಮನ ಜೊತೆ ಯಾರು ಕೂತಿದ್ದರೋ!