ಆಟದ ಕಟ್ಟಳೆಯೂ ಹೊರಗಿನ ಕೈಯೂ

ಕಟ್ಟಳೆಯಿಲ್ಲದ ಆಟವು ಆಟವೇ ಅಲ್ಲ. ಬದುಕಿನ ಇತರ ವ್ಯವಹಾರಗಳಲ್ಲಿ ಕಟ್ಟಳೆಯನ್ನು ಬೇರೆಯವರು ನಮ್ಮ ಮೇಲೆ ಹೇರುವರು. ಆಟದಲ್ಲಿಯಾದರೋ ನಾವೇ ಮನಸಾರೆ ಒಪ್ಪಿ ಅದರೊಳಗೆ ಕೂಡುವೆವು. ಕಟ್ಟೆಯ ಮೇಲೆ ಚೌಕಾಬಾರದ ಮನೆಗಳನ್ನು ಬರೆದು, ಸೀಳಿದ ಹುಣಸೆಯ ಬೀಜಗಳನ್ನೆಸೆದು ಆಡುವ ಮಕ್ಕಳು ಸಹ, ಬೀಜವು ಬಿದ್ದಂತೆಯೇ ಎಣಿಸಬೇಕೆಂಬುದನ್ನು ಯಾರೂ ಹೇಳಿಕೊಡದೆ ಬಲ್ಲರು. ಒಂದು ಬೀಜವನ್ನು ಗುಟ್ಟಾಗಿ ಹೆಚ್ಚು ತಿಕ್ಕಿ ತಂದವನನ್ನು ಒಡನಾಡಿಗಳು ಆಟದಿಂದೆಬ್ಬಿಸುವರು. ಪಗಡೆ, ಹುಲಿಮನೆ, ಅಳಗುಳಿಮಣೆ, ಚದುರಂಗ, ಎಲ್ಲಕ್ಕೂ ಇದೇ ನ್ಯಾಯ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತಹ ಅರಸರು ಚದುರಂಗದ ಕುದುರೆಯ ನಡೆಗಳನ್ನು ಬಗೆಬಗೆಯಾಗಿ ಹೊಂದಿಸುವುದರಲ್ಲಿ ಬುದ್ಧಿಯನ್ನು ಪಳಗಿಸಿದುದೂ ಆ ಕುದುರೆಯು ಕಟ್ಟಳೆಯನ್ನು ಮೀರಿ ನೆಗೆಯಲಾರದೆಂಬ ಕಾರಣದಿಂದಲೇ ಅಲ್ಲವೇ?

ಈಗ ಆಟದ ಕಟ್ಟೆಯು ಅಂಗೈಯೊಳಗಿನ ಫೋನಿಗೆ ಬಂದಿರುವುದು. ಎದುರಾಳಿಯು ಎಲ್ಲಿರುವನೋ, ಅವನ ಮಗ್ಗುಲಲ್ಲಿ ಯಾರಿರುವರೋ ಕಾಣದು. ಆದಕಾರಣವೇ ಆನ್‌ಲೈನ್ ಆಟಗಳನ್ನು ನಡೆಯಿಸುವ ಕಂಪನಿಗಳು ತಮ್ಮ ನಿಯಮಪತ್ರದಲ್ಲಿ ಸಾಮಾನ್ಯವಾಗಿ ಒಂದು ಮಾತನ್ನು ಸೇರಿಸುವುವು: ತಾವು ಒಪ್ಪದ ಹೊರಗಿನವರ ಸಾಫ್ಟ್‌ವೇರನ್ನು ಆಟಕ್ಕೆ ಜೋಡಿಸಿಕೊಂಡವರ ಖಾತೆಯನ್ನು ರದ್ದು ಮಾಡಲಾಗುವುದು. ಗುರಿಯನ್ನು ತಾನೇ ಹಿಡಿದುಕೊಡುವುದು, ಗೋಡೆಯಾಚೆ ಅವಿತವನನ್ನು ತೋರಿಸುವುದು, ಆಟಗಾರನು ಮಲಗಿರುವಾಗಲೂ ಅವನಿಗಾಗಿ ಆಡುತ್ತಿರುವುದು, ಇವೆಲ್ಲವೂ ಅಂತಹ ಸಾಫ್ಟ್‌ವೇರಿನ ಕೆಲಸಗಳು.

ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ನಮ್ಮ ಗಬ್ಬೂರು ಹಳೆಯ ಗುಡಿಗಳಿಗೆ ಹೆಸರಾದ ಊರು. ಇಲ್ಲಿಯೂ ಸಂಜೆಯಾದರೆ ಹುಡುಗರು ಕಟ್ಟೆಗಳ ಮೇಲೆ ಸಾಲಾಗಿ ಕುಳಿತು, ಒಬ್ಬರನ್ನೊಬ್ಬರು ನೋಡದೆ, ಒಂದೇ ಆಟವನ್ನು ಆಡುತ್ತಿರುವರು. ನಮ್ಮ ಅಣ್ಣನವರ ಮಗನೂ ಅವರಲ್ಲೊಬ್ಬನು. ಎರಡು ವರ್ಷ ಆಡಿ ಗಳಿಸಿದ ಅವನ ಖಾತೆಯು ಒಂದು ಮುಂಜಾನೆ ಮುಚ್ಚಿಹೋಯಿತು. ಗೆಳೆಯನೊಬ್ಬನು ಕಳುಹಿಸಿದ 'ಸಹಾಯಕ' ಆ್ಯಪನ್ನು ಅವನು ಹಾಕಿಕೊಂಡಿದ್ದನು. ಹುಡುಗನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಾವು ಕೇಳಿದುದಕ್ಕೆ ಅವನೆಂದನು: "ಎಲ್ಲಾರೂ ಹಂಗ ಮಾಡ್ತಾರ, ಕಾಕಾ. ನಾ ಒಬ್ಬಾಂವ ಸುಮ್ಮನ ಕುಂತರ ಸೋಲೂದ ಅಲ್ಲೇನು?"

ಈ ಮಾತನ್ನು ನಾವು ನಕ್ಕು ತಳ್ಳಿಹಾಕಲಾರೆವು. ಪೇಟೆಯ ತೂಕದಲ್ಲಿಯೂ ಪರೀಕ್ಷೆಯ ಕೊಠಡಿಯಲ್ಲಿಯೂ ದೊಡ್ಡವರ ಬಾಯಿಂದ ಕೇಳಿಬರುವ ಮಾತೇ ಇದು. ಹುಡುಗನು ಆಟದಲ್ಲಿ ಆಡಿದನು, ಅಷ್ಟೇ. ದೊಡ್ಡವರೂ ಹೇಗೆ ಜಾರುವರೆಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ನಿದರ್ಶನವಿದೆ. 2021ರ ಜೂನ್ 13ರಂದು, ಕೋವಿಡ್ ಪರಿಹಾರನಿಧಿಗಾಗಿ, ವಿಶ್ವನಾಥನ್ ಆನಂದರು ಹಲವು ಪ್ರಸಿದ್ಧರೊಡನೆ ಏಕಕಾಲದಲ್ಲಿ ಆನ್‌ಲೈನ್ ಚದುರಂಗವಾಡಿದರು. ನಟ ಸುದೀಪರೂ ಆಡಿದವರಲ್ಲೊಬ್ಬರು. ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತರು ಮಾತ್ರ ಐದು ಬಾರಿಯ ವಿಶ್ವವಿಜೇತರನ್ನು ಸೋಲಿಸಿಬಿಟ್ಟರು! ಮರುದಿನವೇ ಅವರು, ಕಂಪ್ಯೂಟರಿನ ಮತ್ತು ಬಲ್ಲವರ ನೆರವು ಪಡೆದುದನ್ನು ಬಹಿರಂಗವಾಗಿ ಒಪ್ಪಿ ಕ್ಷಮೆ ಕೇಳಿದರು. ಚೆಸ್.ಕಾಂ ಸಂಸ್ಥೆಯು ಅವರ ಖಾತೆಯನ್ನು ಮುಚ್ಚಿ, ಕೆಲವು ದಿನಗಳ ಮೇಲೆ ತೆರೆಯಿತು. ಅದು ವಿನೋದದ ಆಟ, ದಾನದ ಆಟ. ಗೆದ್ದುದರಿಂದ ಬರುವ ಲಾಭವೇನೂ ಇರಲಿಲ್ಲ. ಆದರೂ ನಾಡೆಲ್ಲ ನೊಂದುಕೊಂಡಿತು. ಏಕೆ? ಎದುರಿನವರು ತಮ್ಮ ಸ್ವಂತ ಬುದ್ಧಿಯಿಂದ ಆಡುತ್ತಿರುವರೆಂಬ ನಂಬಿಕೆಯೊಂದೇ ಆ ಆಟದ ಹಲಗೆಯಾಗಿದ್ದಿತು. ಮುರಿದುದು ಆ ಹಲಗೆ.

ಈ ನ್ಯಾಯವು ಹೊಸತೇನೂ ಅಲ್ಲ. ಸಭಾಪರ್ವದಲ್ಲಿ ಪಣವೊಡ್ಡಿದವನು ದುರ್ಯೋಧನ, ದಾಳವುರುಳಿಸಿದವನು ಶಕುನಿ. ಒಬ್ಬನಿಗಾಗಿ ಮತ್ತೊಬ್ಬನು ಆಡುವುದು ಸಮವಲ್ಲವೆಂದು ಧರ್ಮರಾಯನು ಅಂದೇ ನುಡಿದನು. ನುಡಿದೂ ಆಟಕ್ಕೆ ಕುಳಿತನು. ಮುಂದಿನ ಕಥೆಯನ್ನು ವಾಚಕರಿಗೆ ನಾವು ಹೇಳಬೇಕಾದುದಿಲ್ಲ.

ಹಾಗೆಂದು ಹೊರಗಿನವರು ಮಾಡಿದುದೆಲ್ಲವೂ ಕೇಡೆಂದರೆ ಅನ್ಯಾಯವಾದೀತು. ಆಟದ ಅಭಿಮಾನಿಗಳೇ ಕಟ್ಟಿಕೊಟ್ಟ ಒಳಿತುಗಳು ಎಷ್ಟೋ ಇವೆ. 'ಹಾಫ್-ಲೈಫ್' ಎಂಬ ಆಟವನ್ನು ತಿದ್ದಿ ಇಬ್ಬರು ತರುಣರು 1999ರಲ್ಲಿ 'ಕೌಂಟರ್-ಸ್ಟ್ರೈಕ್' ಮಾಡಿದರು. ಮೂಲದ ಕಂಪನಿಯು ಅವರನ್ನು ಶಿಕ್ಷಿಸದೆ, ಅದನ್ನು ತನ್ನದಾಗಿಸಿಕೊಂಡು 2000ರಲ್ಲಿ ಮಾರಾಟಕ್ಕಿಟ್ಟಿತು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದ ಒಡೆಯರು ಅಭಿಮಾನಿಗಳ ಉಪಕರಣಗಳಿಗೆ 2009ರಲ್ಲಿ ಕಟ್ಟಳೆ ಮಾಡಿ, ಅವು ಉಚಿತವಾಗಿರಲಿ, ಅವುಗಳ ಬರವಣಿಗೆ ಎಲ್ಲರ ಕಣ್ಣಿಗೂ ಕಾಣುವಂತಿರಲಿ ಎಂದರು. ಆದರೆ ಮನುಷ್ಯನಿಲ್ಲದೆ ತಾನೇ ಆಡುವ 'ಗ್ಲೈಡರ್' ಎಂಬುದರ ಮೇಲೆ ಕೋರ್ಟಿಗೆ ಹೋಗಿ ಅದೇ ವರ್ಷ ಅದನ್ನು ನಿಲ್ಲಿಸಿದರು. ನಮ್ಮ ಹುಡುಗರು ಬಲ್ಲ 'ಮೈನ್‌ಕ್ರಾಫ್ಟ್' ಕನ್ನಡದಲ್ಲಿ ದೊರೆಯುವುದೂ ಸ್ವಯಂಸೇವಕರಾದ ಆಟಗಾರರ ಅನುವಾದದಿಂದಲೇ. ಇನ್ನು ಕಣ್ಣು ಕಾಣದವರ ಮಾತು. ಬೆರಳಿನಿಂದ ಮುಟ್ಟಿ ತಿಳಿಯುವ ಬೇರೊಂದು ಹಲಗೆಯನ್ನಿಟ್ಟುಕೊಳ್ಳಲು ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯ ನಿಯಮವೇ ಅವರಿಗೆ ಎಡೆಗೊಟ್ಟಿದೆ. ಆ ಹಲಗೆಯು ಅವರಿಗೆ ಕಣ್ಣನ್ನು ಕೊಡುವುದು, ನಡೆಯನ್ನು ಹೇಳಿಕೊಡುವುದಿಲ್ಲ.

ನಮ್ಮ ಒರೆಗಲ್ಲು ಇಲ್ಲಿದೆಯೆಂದು ನಾವು ತಿಳಿಯುವೆವು. ಉಪಕರಣವು ಆಟಗಾರನನ್ನು ಆಟದ ಬಳಿಗೆ ಕರೆತಂದರೆ ಅದು ಊರುಗೋಲು. ಆಟಗಾರನ ಬದಲು ತಾನೇ ಆಡಿದರೆ ಅದು ಶಕುನಿ. ಎದುರಾಳಿಗೆ ಹೇಳಿಯೂ ಬಳಸಬಹುದಾದುದು ಒಳ್ಳೆಯದು, ಬಚ್ಚಿಡಬೇಕಾದುದು ಕೆಟ್ಟದು.

ಗೃಹಸ್ಥರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಫೋನು ಒಂದೇ. ಹತ್ತಿ ಮಾರಿದ ಹಣದ ಸಂದೇಶವೂ, ಬ್ಯಾಂಕಿನ ಗುಟ್ಟಿನ ಅಂಕಿಯೂ, ಹುಡುಗನ ಆಟವೂ ಅದರೊಳಗೇ. ಅಧಿಕೃತ ಅಂಗಡಿಯ ಹೊರಗಿನಿಂದ ಬಂದ ಆ್ಯಪು ಸಂದೇಶಗಳನ್ನೋದುವ, ಪರದೆಯನ್ನಾಳುವ ಅನುಮತಿಯನ್ನು ಕೇಳಿದಾಗ, ಗೆಲ್ಲುವ ಆತುರದಲ್ಲಿರುವ ಹುಡುಗನು ಒಪ್ಪಿಗೆಯನ್ನೊತ್ತಿಬಿಡುವನು. ಪುಕ್ಕಟೆಯಾಗಿ ಗೆಲುವನ್ನು ಮಾರುವವನು ಬೇರೆ ಯಾವುದರಿಂದಲೋ ಬೆಲೆಯನ್ನೆತ್ತಿಕೊಳ್ಳುವನು. ನಮ್ಮ ಅಣ್ಣನವರು ಆ ಆ್ಯಪನ್ನು ತೆಗೆಯಿಸಿ, ಗುಪ್ತಸಂಖ್ಯೆಗಳನ್ನೆಲ್ಲ ಬದಲಾಯಿಸಿದ ಮೇಲೆಯೇ ಅತ್ತಿಗೆಯವರಿಗೆ ನಿದ್ರೆ ಬಂದಿತು.

ಕಂಪನಿಗಳಿಗೂ ನಾವು ಹೇಳುವುದುಂಟು. ಹುಡುಗನು ಒಪ್ಪಿದುದಾಗಿ ಗುರುತು ಹಾಕಿದ ನಿಯಮಪತ್ರವು ಉದ್ದವಾದ ಇಂಗ್ಲಿಷಿನಲ್ಲಿದ್ದಿತು. ಮನೆಯಲ್ಲಿ ಅದನ್ನು ಪೂರ್ತಿ ಓದಬಲ್ಲವರು ಯಾರೂ ಇರಲಿಲ್ಲ. ವಿನಂತಿಗೆ ಬಂದ ಉತ್ತರವೂ ಯಂತ್ರದ ಉತ್ತರವೇ. ಕಟ್ಟಳೆಯನ್ನು ಮಾಡುವವರು ಅದನ್ನು ಆಡುವವರ ನುಡಿಯಲ್ಲಿ ಹೇಳಬೇಕು. ಶಿಕ್ಷೆಗೆ ಮುನ್ನ ಒಂದು ಎಚ್ಚರಿಕೆಯನ್ನೂ, ಶಿಕ್ಷೆಗೆ ಒಂದು ಕಾರಣವನ್ನೂ ಕೊಡಬೇಕು. ನಿಯಮಪತ್ರದ ಕುಂದು ಹುಡುಗನ ತಪ್ಪನ್ನು ಅಳಿಸದು. ಹುಡುಗನ ತಪ್ಪು ನಿಯಮಪತ್ರದ ಕುಂದನ್ನೂ ಅಳಿಸದು.

ಫೋನನ್ನು ಕಸಿದು ಬೀರುವಿನಲ್ಲಿಟ್ಟರೆ ಸಾಕೆನ್ನುವ ಹಿರಿಯರಿರುವರು. ನಾವು ಹಾಗೆನ್ನಲಾರೆವು. ಮಕ್ಕಳೊಡನೆ ಕುಳಿತು ಅವರಾಡುವ ಆಟದ ಕಟ್ಟಳೆಯನ್ನು ಅವರಿಂದಲೇ ಕೇಳಿ ತಿಳಿಯುವುದು ಲೇಸು. ಹಾಗೆ ಕೇಳಿದಾಗ ನಮ್ಮ ಹುಡುಗನು, ತನಗೆ ಹೆಚ್ಚು ನೋವಾದುದು ಖಾತೆ ಹೋದುದಕ್ಕಲ್ಲ, ಕಡೆಯ ಎರಡು ತಿಂಗಳ ಗೆಲುವುಗಳಲ್ಲಿ ತನ್ನವು ಯಾವುವೆಂದು ತನಗೇ ತಿಳಿಯದುದಕ್ಕೆ ಎಂದನು. ಈಗ ಅವನು ಹೊಸ ಖಾತೆಯಲ್ಲಿ ಮೊದಲ ಮೆಟ್ಟಿಲಿನಿಂದ ಆಡುತ್ತಿರುವನು, ಸೋಲೇ ಹೆಚ್ಚು. ಆದರೆ ಸೋತ ಆಟಗಳನ್ನೂ ತನ್ನವೆಂದು ಹೇಳಿಕೊಳ್ಳಬಲ್ಲನು.